ಹಕ್ಕಲು

ರಾತ್ರಿ ಹನ್ನೊಂದು ದಾಟಿರಬೇಕು. ಅಡುಗೆಮನೆಯಿಂದ ಏನೋ ಸದ್ದು. ಬೆಕ್ಕು ಬಂದಿರಬೇಕೆಂದು ಎದ್ದು ಹೋಗಿ ದೀಪ ಹಾಕಿದೆ. ಬೆಕ್ಕಿರಲಿಲ್ಲ. ಮೂಲೆಯಲ್ಲಿಟ್ಟಿದ್ದ ಬಕೇಟಿನೊಳಗಿಂದ ಒಮ್ಮೆ ಚಿಟಿಕ್ಕೆಂದು, ಒಮ್ಮೆ ಪಿಚಕ್ಕೆಂದು ಸದ್ದು ಬರುತ್ತಿತ್ತು. ಬಗ್ಗಿ ನೋಡಿದರೆ, ಸಂಜೆ ನಾನೇ ಕೆದಕಿ ತಂದ ಬಳಚುಗಳು ಬಾಯಿ ಒಂದಿಷ್ಟೇ ತೆರೆದು ಉಪ್ಪುನೀರಿನಲ್ಲಿ ಮರಳು ಉಗುಳುತ್ತಿದ್ದವು. ನನ್ನ ನೆರಳು ಬಿದ್ದದ್ದೇ ತಡ, ಮೇಲಿದ್ದವೆಲ್ಲ ಬಾಯಿ ಮುಚ್ಚಿಕೊಂಡವು. ಬಕೇಟು ಕಂಠಮಟ್ಟ ತುಂಬಿತ್ತು. ಇಷ್ಟೊಂದನ್ನು ಯಾಕೆ ತಂದೆ ಎಂಬ ಪ್ರಶ್ನೆ ನನಗೆ ಹುಟ್ಟಿದ್ದು ಆಗಲೇ. ಮನೆಯಲ್ಲಿದ್ದವರು ಮೂರು ಜನ. ಅದರಲ್ಲಿ ಮಗಳಿಗೆ ಚಿಪ್ಪಿನ ವಾಸನೆಯೇ ಆಗದು.

ಬಳಚು ಎಂದರೇನೆಂದು ಬಯಲುಸೀಮೆಯ ಓದುಗರು ಕೇಳಬಹುದು. ನಾನೂ ಕೇಳಿದವಳೇ. ನನ್ನ ತವರು ಗೋಕಾಕ ತಾಲೂಕಿನ ಅಂಕಲಗಿ. ಅಡವಿಸಿದ್ಧೇಶ್ವರ ಮಠದ ಊರು. ಜೋಳ, ಶೇಂಗಾ ಬೆಳೆಯುವ ಊರು. ಮೀನೆಂದರೆ ಮಾರ್ಕಂಡೇಯ ಹೊಳೆಯಲ್ಲಿ ಅಪರೂಪಕ್ಕೆ ಸಿಗುತ್ತಿದ್ದ ಬೆರಳುದ್ದದ ಮೀನು ಅಷ್ಟೇ. ನಮ್ಮ ಮನೆಯಲ್ಲಿ ವರ್ಷಕ್ಕೆ ನಾಲ್ಕಾರು ಸಲ ಮಾಂಸದಡಿಗೆ ಆಗುತ್ತಿತ್ತು. ಚಿಪ್ಪಿನೊಳಗಿನ ಜೀವವನ್ನು ತಿನ್ನುತ್ತಾರೆಂಬುದು ನನಗೆ ಗೊತ್ತಾದದ್ದು ಇವರಿಗೆ 2006ರಲ್ಲಿ ಕುಮಟೆಗೆ ವರ್ಗವಾದ ಮೇಲೆ. ಮಂಗಳೂರಿನ ಕಡೆ ಮರುವಾಯಿ ಎನ್ನುವ ಜಾತಿಯದನ್ನೇ ಕುಮಟೆಯ ಕಡೆ ಬಳಚು ಎನ್ನುತ್ತಾರೆ. ಎರಡು ಚಿಪ್ಪಿನ ನಡುವೆ ಬೆರಳ ತುದಿಯಷ್ಟು ಮೆತ್ತಗಿನ ಮಾಂಸ. ನೀರನ್ನು ಒಳಗೆಳೆದುಕೊಂಡು, ಅದರಲ್ಲಿನ ಕಣ್ಣಿಗೆ ಕಾಣದ ಆಹಾರ ಸೋಸಿಕೊಂಡು, ಉಳಿದ ನೀರನ್ನು ಹೊರಗೆ ಬಿಟ್ಟು ಬದುಕುವ ಜೀವ. ಯಾರಿಗೂ ಕೇಡು ಮಾಡದೆ, ಇದ್ದಲ್ಲೇ ಇದ್ದು, ನೀರು ತಿಳಿಯಾಗಿಸುತ್ತದೆ.

ನೆರೆಮನೆಯ ಅಕ್ಕ ಒಂದು ಭಾನುವಾರ, ಹುಣ್ಣಿಮೆಯ ಮರುದಿನ, "ಬನ್ನಿ, ಬಳಚು ಹೆಕ್ಕಲು ಹೋಗೋಣ. ಮಕ್ಕಳಿಗೂ ಒಂದು ಆಟವಾಗುತ್ತದೆ" ಎಂದು ಕರೆದರು. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಕಡಲ ನೀರು ಹೆಚ್ಚು ಏರಿ, ಹೆಚ್ಚು ಇಳಿಯುತ್ತದೆ. ಸಂಜೆ ಐದರ ಹೊತ್ತಿಗೆ ಅಘನಾಶಿನಿಯ ಅಳಿವೆಯಲ್ಲಿ ನೀರು ಹಿಂದೆ ಸರಿದು, ಮರಳುಕೆಸರಿನ ದಿಬ್ಬಗಳು ಎಮ್ಮೆಯ ಬೆನ್ನಿನಂತೆ ಮೇಲೆದ್ದಿದ್ದವು. ದೂರದಲ್ಲಿ ಕಾಂಡ್ಲಾ ಗಿಡಗಳು ಬೇರು ತೋರಿಸಿಕೊಂಡು ನಿಂತಿದ್ದವು. ಅಲ್ಲಲ್ಲಿ ಸೊಂಟಮಟ್ಟದ ನೀರಿನಲ್ಲಿ ಹೆಂಗಸರು ಬಗ್ಗಿ, ಕಾಲಲ್ಲೇ ತಡವಿ, ಕೈಯಿಂದ ಮೇಲೆತ್ತಿ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು. ಅವರಾರೂ ಮಾತಾಡುತ್ತಿರಲಿಲ್ಲ. ಗದ್ದಲವೆಲ್ಲ ನಮ್ಮದೇ.

ಅಕ್ಕ ನನ್ನ ಕೈಗೆ ಕಳೆ ಕೀಳುವ ಕುರ್ಪಿಯಂಥ ಒಂದು ಕಬ್ಬಿಣದ ತುಂಡು ಕೊಟ್ಟರು. ಮೊದಲು ಕೆಸರಷ್ಟೇ ಬಂತು. ಆಮೇಲೆ ಬೆರಳಿಗೆ ಗಟ್ಟಿಯಾದದ್ದೇನೋ ತಾಕಿತು. ತೆಗೆದರೆ ದುಂಡನೆಯ ಬಳಚು! ಆ ಸಂತೋಷವನ್ನು ಹೇಗೆ ಹೇಳಲಿ? ಮಣ್ಣಿನೊಳಗೆ ಬೆರಳಾಡಿಸಿ, ಕಾಣದ್ದನ್ನು ತಡಕಿ, ಸಿಕ್ಕೊಡನೆ ಹಿಡಿಯುವ ಸುಖ. ಇದು ನನಗೆ ಹೊಸದಲ್ಲ, ಎಲ್ಲೋ ಅನುಭವಿಸಿದ್ದೇನೆ ಎನ್ನಿಸುತ್ತಿತ್ತು. ಎಲ್ಲಿ ಎಂದು ಆಗ ನೆನಪಾಗಲಿಲ್ಲ. ಕೈ ನಿಲ್ಲಲಿಲ್ಲ. ಅಕ್ಕನ ಬಕೇಟು ಅರ್ಧವಾಗಿತ್ತು, ನನ್ನದು ಕಾಲುಭಾಗ. ಸೋಲಬಾರದೆಂದು ದೊಡ್ಡದು ಸಣ್ಣದು ನೋಡದೆ ಬಾಚಿದೆ.

ನಡುವೆ ಒಬ್ಬ ವಯಸ್ಸಾದ ಹೆಂಗಸು ನೀರಿನಿಂದ ಮೇಲೆ ಬಂದು ನನ್ನ ಬಕೇಟಿನಲ್ಲಿ ಇಣುಕಿದಳು.

"ಮನೇಲಿ ಎಷ್ಟು ಜನ ಅಮ್ಮಾ?"

"ಮೂವರು."

ಆಕೆ ಏನೂ ಹೇಳದೆ ಬಕೇಟಿಗೆ ಕೈ ಹಾಕಿ, ಹೆಬ್ಬೆರಳ ಉಗುರಿನಷ್ಟಿದ್ದವನ್ನು ಬೊಗಸೆಯಲ್ಲಿ ತೆಗೆದು ನೀರಿಗೆ ಬಿಟ್ಟಳು. "ಇವು ಬರೋ ವರ್ಷದ್ದು" ಎಂದು ಹೇಳಿ ತನ್ನ ಬುಟ್ಟಿಯ ಕಡೆ ನಡೆದಳು. ಬೈಗುಳವೇನಲ್ಲ, ಮಕ್ಕಳಿಗೆ ತಿಳಿಹೇಳುವ ಧ್ವನಿ. ಆಕೆ ಅತ್ತ ತಿರುಗಿದ ಮೇಲೆ ನಾನು ಮಾಡಿದ್ದನ್ನು ಮುಚ್ಚಿಡುವುದಿಲ್ಲ. ಖಾಲಿಯಾದ ಜಾಗವನ್ನು ಮತ್ತೆ ತುಂಬಿದೆ. ಅದರಲ್ಲಿ ಸಣ್ಣವೂ ಇದ್ದವು.

ಮರುದಿನ ಅಡಿಗೆಯಾಯಿತು. ಅಕ್ಕ ಹೇಳಿಕೊಟ್ಟಂತೆ ನಾಲ್ಕು ನೀರಿನಲ್ಲಿ ತಿಕ್ಕಿ ತೊಳೆದು, ಪಾತ್ರೆಗೆ ಒಂದು ಲೋಟ ನೀರು ಹಾಕಿ ಮುಚ್ಚಳ ಮುಚ್ಚಿದೆ. ಆವಿ ಬರುತ್ತಿದ್ದಂತೆ ಒಳಗೆ ಟಕಟಕ ಸದ್ದು. ಮುಚ್ಚಳ ತೆಗೆದರೆ ಎಲ್ಲವೂ ಬಾಯಿ ತೆರೆದಿದ್ದವು. ತೆರೆಯದೆ ಉಳಿದವನ್ನು ತಿನ್ನಬಾರದು, ಎಸೆಯಬೇಕು. ಒಂದು ಚಿಪ್ಪು ಕಿತ್ತು, ಮಾಂಸವಿರುವ ಚಿಪ್ಪನ್ನು ಉಳಿಸಿಕೊಂಡು, ಬೆಂದ ನೀರನ್ನು ಸೋಸಿಟ್ಟೆ. ರುಚಿಯೆಲ್ಲ ಆ ನೀರಿನಲ್ಲೇ ಇರುತ್ತದೆ. ತೆಂಗಿನಕಾಯಿ, ಹುರಿದ ಮೆಣಸಿನಕಾಯಿ, ಕೊತ್ತಂಬರಿಬೀಜ, ಅರಿಸಿನ ರುಬ್ಬಿ, ಈರುಳ್ಳಿ ಬಾಡಿಸಿ, ಹುಳಿಗೆ ಎರಡು ಮುರುಗಲ ಸಿಪ್ಪೆ ಹಾಕಿ ಕುದಿಸಿದೆ. ಉಪ್ಪು ಮಾತ್ರ ನೋಡಿಕೊಂಡು ಹಾಕಬೇಕು, ಬಳಚಿನಲ್ಲೇ ಕಡಲಿನ ಉಪ್ಪಿರುತ್ತದೆ. ಅಲ್ಲಿಯವರು ಅನ್ನಕ್ಕೆ ಕಲಸುತ್ತಾರೆ. ನಾನು ಜೋಳದ ರೊಟ್ಟಿ ಬಡಿದೆ. ಇವರು ಎರಡು ರೊಟ್ಟಿ ಹೆಚ್ಚಿಗೆ ತಿಂದರು. ಆ ರುಚಿಯನ್ನು ನಾನು ಇಂದಿಗೂ ಅಲ್ಲಗಳೆಯಲಾರೆ.

ಬೇಯಿಸಿದ್ದು ಬಕೇಟಿನ ಮೂರರಲ್ಲೊಂದು ಭಾಗ. ಅಕ್ಕಪಕ್ಕದವರಿಗೆ ಕೊಡೋಣವೆಂದರೆ ಅವರ ಮನೆಯಲ್ಲೂ ಬಕೇಟುಗಳಿದ್ದವು. ಮಂಗಳವಾರ ಬೆಳಿಗ್ಗೆ ನೀರಿನ ಮೇಲೆ ನೊರೆ, ಮನೆಯೆಲ್ಲ ಕೊಳೆತ ವಾಸನೆ. ಹಿತ್ತಲಲ್ಲಿ ತೆಂಗಿನಮರದ ಬುಡಕ್ಕೆ ಗುಂಡಿ ತೋಡಿ ಸುರಿದೆ. ಸುರಿಯುವಾಗ ಕಣ್ಣಿಗೆ ಬಿದ್ದವು, ಹೆಬ್ಬೆರಳ ಉಗುರಿನಷ್ಟಿದ್ದವು. ಬರುವ ವರ್ಷದ್ದು.

ಆ ವಾರ ಅವ್ವನಿಗೆ ಫೋನು ಮಾಡಿದಾಗ ಇದನ್ನೊಂದು ತಮಾಷೆಯ ಕತೆಯಂತೆ ಹೇಳಿದೆ. ಸಮುದ್ರದ ಚಿಪ್ಪು ತಂದು ಸಾರು ಮಾಡಿದೆನೆಂದರೆ ಆಕೆ ಅಸಹ್ಯಪಟ್ಟಾಳು, ನಗೋಣ ಎಂದುಕೊಂಡಿದ್ದೆ. ಅವ್ವ ರುಚಿ ಕೇಳಲಿಲ್ಲ, ಅಸಹ್ಯವನ್ನೂ ಪಡಲಿಲ್ಲ. "ಅಲ್ಲಿ ಆರಿಸೋ ಹೆಣ್ಣಮಕ್ಕಳು ಇರಲಿಲ್ಲೇನು?" ಎಂದಳು. ಇದ್ದರು ಎಂದೆ. "ಹೂಂ" ಎಂದು ಬೇರೆ ಮಾತೆತ್ತಿದಳು. ಫೋನು ಇಟ್ಟ ಮೇಲೆ, ಮಣ್ಣಿನಲ್ಲಿ ಬೆರಳಾಡಿಸಿದ ಆ ಹಳೆಯ ಸುಖ ಎಲ್ಲಿಯದೆಂದು ನೆನಪಾಯಿತು.

ನಮ್ಮ ಕಡೆ ಶೇಂಗಾ ಕಿತ್ತು, ಬಳ್ಳಿ ಕಣಕ್ಕೆ ಸಾಗಿಸಿದ ಮೇಲೆ ಹೊಲದ ಮಣ್ಣಿನೊಳಗೆ ಅಷ್ಟಿಷ್ಟು ಕಾಯಿ ಹರಿದು ಉಳಿದಿರುತ್ತವೆ. ಜೋಳ ಕೊಯ್ದ ಹೊಲದಲ್ಲಿ ತೆನೆಗಳು ಬಿದ್ದಿರುತ್ತವೆ. ಇದಕ್ಕೆ ಹಕ್ಕಲು ಎನ್ನುತ್ತಾರೆ. ಹೊಲವಿಲ್ಲದ ಮನೆಗಳ ಹೆಂಗಸರು, ಮಕ್ಕಳು ಬಂದು ಆರಿಸಿಕೊಂಡು ಹೋಗುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ, ಯಾರೂ ಬೇಡವೆನ್ನುತ್ತಿರಲಿಲ್ಲ. ನನಗೆ ಎಂಟೋ ಒಂಬತ್ತೋ ವರ್ಷ. ಶಾಲೆಯ ಗೆಳತಿಯರು ಹಕ್ಕಲಿಗೆ ಹೊರಟರೆಂದು ನಾನೂ ಹೋದೆ. ಅದು ನಮ್ಮದೇ ಹೊಲ. ಇಡೀ ಮಧ್ಯಾಹ್ನ ಮಣ್ಣು ಕೆದಕಿ, ಲಂಗದ ಉಡಿ ತುಂಬ ಕಾಯಿ ತಂದು ಅವ್ವನ ಮುಂದೆ ಹೆಮ್ಮೆಯಿಂದ ಸುರಿದೆ.

"ಯಾರ ಹೊಲದ್ದು?"

"ನಮ್ಮ ಹೊಲದ್ದ."

"ನಮ್ಮ ಹೊಲದ್ದು ಮೊನ್ನೇನ ಮನಿಗೆ ಬಂತಲ್ಲ. ಇದು ಹಕ್ಕಲ. ಹಕ್ಕಲ ನಮ್ಮದಲ್ಲ."

ಅವ್ವ ಹೊಡೆಯಲಿಲ್ಲ. ಕಾಯಿಗಳನ್ನು ಮತ್ತೆ ನನ್ನ ಉಡಿಗೇ ಹಾಕಿ, ಕೈ ಹಿಡಿದು ಊರಂಚಿನ ಒಂದು ಮನೆಗೆ ಕರೆದೊಯ್ದಳು. ನಮ್ಮ ಹೊಲದಲ್ಲಿ ಆರಿಸುತ್ತಿದ್ದ ಮುದುಕಿಯ ಮನೆ. ಅವಳ ಮರದಲ್ಲಿ ನಾನೇ ಸುರಿಯಬೇಕಾಯಿತು. ಮುದುಕಿ ನಕ್ಕು, "ಕೂಸು ಆಟಕ್ಕ ಆರಿಸೇತಿ, ಬಿಡ್ರಿ ಅಕ್ಕಾರ" ಎಂದಳು.

"ಆಟಕ್ಕ ಆರಿಸೇತಂತನs ತಂದೀನಿ" ಎಂದಳು ಅವ್ವ.

ಆ ಮಾತಿನ ಅರ್ಥ ಅಂದು ತಿಳಿಯಲಿಲ್ಲ. ಹಸಿದು ಆರಿಸಿದ್ದರೆ ಇಟ್ಟುಕೊಳ್ಳಬಹುದಿತ್ತು, ಆಟಕ್ಕೆ ಆರಿಸಿದ್ದರಿಂದ ಕೊಡಬೇಕಾಯಿತು, ಇದೆಂಥ ನ್ಯಾಯ ಎಂದು ದಾರಿಯುದ್ದಕ್ಕೂ ಅತ್ತೆ. ಮೂವತ್ತು ವರ್ಷದ ಮೇಲೆ, ಕುಮಟೆಯ ಹಿತ್ತಲಿನ ಗುಂಡಿಯ ಮುಂದೆ ನಿಂತಾಗ ಅರ್ಥವಾಗತೊಡಗಿತು.

ಇದಕ್ಕೆ ಎದುರಾಗಿ ನಾನೇ ಎಷ್ಟೋ ವಾದ ಹೂಡಿಕೊಂಡಿದ್ದೇನೆ. ಮೊದಲನೆಯದು, ಅಳಿವೆ ಯಾರ ಹೆಸರಿನಲ್ಲೂ ಇಲ್ಲ, ಹೋದವರಿಗೆಲ್ಲ ಸೇರಿದ್ದು ಎಂಬುದು. ಆದರೆ ಶೇಂಗಾದ ಹೊಲ ಉತಾರದಲ್ಲಿ ಅಪ್ಪನ ಹೆಸರಿನಲ್ಲೇ ಇತ್ತು. ಅಷ್ಟಿದ್ದೂ ಹಕ್ಕಲು ನಮ್ಮದಾಗಿರಲಿಲ್ಲ. ಹೆಸರಿದ್ದರೂ ನಮ್ಮದಲ್ಲದ್ದು ಇರುವುದಾದರೆ, ಯಾರ ಹೆಸರೂ ಇಲ್ಲದ ಮಾತ್ರಕ್ಕೆ ಅದು ನನ್ನದೆಂದು ಹೇಗೆ ಹೇಳಲಿ? ಬೇರೆ ನಾಡುಗಳಲ್ಲೂ ಈ ಹಕ್ಕಲಿನ ಮಾತು ಹಳೆಯದು. ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡಿ, ಬಿದ್ದ ತೆನೆಯನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ ಎಂಬ ವಿಧಿ ಬೈಬಲಿನ ಹಳೆಯ ಒಡಂಬಡಿಕೆಯಲ್ಲಿದೆ. ಇಂಗ್ಲೆಂಡಿನಲ್ಲಿ ಮಾತ್ರ 1788ರಲ್ಲಿ ನ್ಯಾಯಾಲಯವೊಂದು, ಹಕ್ಕಲು ಆರಿಸುವುದು ಬಡವರ ಕಾನೂನುಬದ್ಧ ಹಕ್ಕಲ್ಲವೆಂದು ತೀರ್ಪು ಕೊಟ್ಟಿತು. ಕಾಗದದ ನ್ಯಾಯ ಒಂದಾದರೆ ಅವ್ವನ ನ್ಯಾಯ ಇನ್ನೊಂದು.

ಎರಡನೆಯ ವಾದ, ನನ್ನ ಒಂದು ಬಕೇಟಿನಿಂದ ಏನಾದೀತು ಎಂಬುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಮಾಡಿದ ಅಂದಾಜಿನಂತೆ ಅಘನಾಶಿನಿಯ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಚಿಪ್ಪುಜೀವಿಗಳು ಸಿಗುತ್ತಿದ್ದವು. 2,300ಕ್ಕೂ ಹೆಚ್ಚು ಜನ ಅದರಲ್ಲಿ ದುಡಿಯುತ್ತಿದ್ದರು. ಟನ್ನುಗಳ ಲೆಕ್ಕದ ಮುಂದೆ ನನ್ನ ಐದಾರು ಕಿಲೊ ಯಾವ ಲೆಕ್ಕ? ಆದರೆ ನಮ್ಮ ಹಿರಿಯರೇ ಹೇಳಿದ್ದಾರಲ್ಲ, ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂದು. ಅದು ಕೂಡಿಡುವುದಕ್ಕೆ ಹೇಳಿದ ಮಾತಾದರೂ ಕಳೆಯುವುದಕ್ಕೂ ಸಲ್ಲುತ್ತದೆ. ಇನ್ನೊಂದು ಲೆಕ್ಕವೂ ಇದೆ. ನಾನು ಬಕೇಟು ತುಂಬಿದ ವಾರ ಸಂತೆಯಲ್ಲಿ ಬಳಚು ಕೊಳ್ಳಲಿಲ್ಲ. ನಮ್ಮ ಬೀದಿಯ ನಾಲ್ಕು ಮನೆಯವರೂ ಕೊಳ್ಳಲಿಲ್ಲ. ಅಂದರೆ ನಮ್ಮ ಆಟದ ಬೆಲೆಯನ್ನು ತೆತ್ತವರು, ಸೊಂಟಮಟ್ಟ ನೀರಿನಲ್ಲಿ ನಿಂತಿದ್ದ ಆ ಹೆಂಗಸರೇ.

ಮೂರನೆಯ ವಾದ ಗಟ್ಟಿಯದು. ಅಳಿವೆಗೆ ದೊಡ್ಡ ಕೇಡು ನಮ್ಮಂಥವರಿಂದ ಆಗುವುದಿಲ್ಲ. ಸುಣ್ಣಕ್ಕೆಂದು ತಳದ ಚಿಪ್ಪನ್ನೇ ಬಗೆದು ಸಾಗಿಸುವವರಿದ್ದಾರೆ, ಊರಿನ ಕೊಳಚೆ ನೀರಿದೆ, ಮರಳು ತೆಗೆಯುವವರಿದ್ದಾರೆ. ಅದೆಲ್ಲ ನಿಜ. ಆದರೆ ನೆರೆಮನೆಯವರ ಅಂಗಳದಲ್ಲಿ ರಾಶಿ ಕಸ ಇದೆಯೆಂದು ನಮ್ಮ ಮನೆಯ ಕಸ ಗುಡಿಸದೆ ಇರುತ್ತೇವೆಯೇ?

ಹೀಗೆ ಯೋಚಿಸುವಾಗ ನನಗೆ ನೆನಪಾಗುವವಳು ಆಯ್ದಕ್ಕಿ ಲಕ್ಕಮ್ಮ. ಹನ್ನೆರಡನೆಯ ಶತಮಾನದ ಆ ದಂಪತಿಗಳ ಕಾಯಕವೇ ಹಕ್ಕಲು. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ನಮ್ಮಲ್ಲಿ ಯಾವ ಹೆಂಡತಿಯಾದರೂ ಸಂತೋಷಪಟ್ಟಾಳು. ಲಕ್ಕಮ್ಮ ಪಡಲಿಲ್ಲ. ನಮಗೆ ಬೇಕಾದದ್ದಕ್ಕಿಂತ ಇದು ಹೆಚ್ಚು, ಅಲ್ಲಿಗೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳಿಸಿದಳು. ನೆಲದ ಮೇಲೆ ಬಿದ್ದದ್ದು, ಯಾರಿಗೂ ಬೇಡವಾದದ್ದು. ಅದಕ್ಕೂ ಒಂದು ಅಳತೆಯುಂಟೆಂದು ತಿಳಿದಿದ್ದವಳು ಆಕೆ.

ಲಕ್ಕಮ್ಮನ ಅಳತೆ ಮನೆಯ ಅಗತ್ಯದ್ದು. ಹಸಿದವನ ಅಳತೆ ಹೊಟ್ಟೆಯದು. ತುಂಬಿದ ಮೇಲೆ ಕೈ ತಾನೇ ನಿಲ್ಲುತ್ತದೆ. ನೀರಿನಲ್ಲಿ ನಿಂತ ಆ ಮುದುಕಿಯ ಅಳತೆ ನಾಳಿನದು. ಬರುವ ವರ್ಷವೂ ಅವಳು ಅಲ್ಲಿಗೇ ಬರಬೇಕು. ನನ್ನ ಅಳತೆ ಯಾವುದಾಗಿತ್ತು? ಅಕ್ಕನ ಬಕೇಟು! ಆಟಕ್ಕೆ ಹೊಟ್ಟೆಯಿಲ್ಲ, ಅದಕ್ಕೇ ಅದು ತುಂಬುವುದೂ ಇಲ್ಲ. ಹಸಿವಿಗೆ ತಾನಾಗಿ ಇರುವ ಕಡಿವಾಣ ಆಟಕ್ಕೆ ಇರುವುದಿಲ್ಲ. ಆಟಕ್ಕೆ ಆರಿಸಿದ್ದನ್ನೇ ಅವ್ವ ಹಿಂದಕ್ಕೆ ಕೊಡಿಸಿದ್ದು ಇದಕ್ಕೇ ಇರಬೇಕು. ಹಸಿದು ತಂದವಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಈ ಕಡಿವಾಣವನ್ನು ಕಾನೂನಿನಿಂದ ಹಾಕಿದವರೂ ಇದ್ದಾರೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಡಲದಂಡೆಯಲ್ಲಿ ಸಾವಿರಾರು ಕುಟುಂಬಗಳು ಮೋಜಿಗಾಗಿ ರೇಜರ್ ಕ್ಲ್ಯಾಮ್ ಎಂಬ ಉದ್ದನೆಯ ಚಿಪ್ಪುಜೀವಿಯನ್ನು ಅಗೆಯುತ್ತವೆ. ಅದಕ್ಕೆ ಪರವಾನಗಿ ಬೇಕು. ಸಾಮಾನ್ಯವಾಗಿ ಒಬ್ಬರಿಗೆ ದಿನಕ್ಕೆ 15 ಮಾತ್ರ. ಮೊದಲು ಸಿಕ್ಕ ಹದಿನೈದನ್ನೇ ಇಟ್ಟುಕೊಳ್ಳಬೇಕು, ಸಣ್ಣದಿರಲಿ, ಒಡೆದಿರಲಿ. ಅದರ ಚಿಪ್ಪು ತೆಳು. ದೊಡ್ಡದು ಬೇಕೆಂದು ಸಣ್ಣದನ್ನು ಎಸೆದರೆ ಅದು ಬದುಕುವುದು ಕಷ್ಟ. ನಮ್ಮ ಬಳಚಿನದು ಗಟ್ಟಿ ಚಿಪ್ಪು. ಮುಚ್ಚಿದ ಬಾಯಿಯ ಸಣ್ಣದನ್ನು ಕೂಡಲೇ ನೀರಿಗೆ ಬಿಟ್ಟರೆ ಮತ್ತೆ ಮರಳೊಳಗೆ ಇಳಿಯುತ್ತದೆ. ಜೀವ ಬೇರೆಯಾದರೆ ನೀತಿಯೂ ಬೇರೆ. ನಮ್ಮ ನೆರೆಯ ಕೇರಳದ ಅಷ್ಟಮುಡಿ ಕೆರೆಯಲ್ಲಿ 1990ರ ದಶಕದ ಮೊದಲಲ್ಲಿ ಚಿಪ್ಪಿನ ಫಸಲು ಕುಸಿದಾಗ, ಬಲೆಯ ಕಣ್ಣಿನ ಅಳತೆ ಗೊತ್ತುಮಾಡಿ, ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತೆಗೆಯುವುದನ್ನು ನಿಲ್ಲಿಸಿದರು. ಫಸಲು ಚೇತರಿಸಿಕೊಂಡಿತು. 2014ರಲ್ಲಿ ಆ ಮೀನುಗಾರಿಕೆಗೆ ಅಂತರರಾಷ್ಟ್ರೀಯ ಮನ್ನಣೆಯೂ ಸಿಕ್ಕಿತು.

ಹಾಗಾದರೆ ನಮ್ಮಂಥವರು ಅಳಿವೆಗೆ ಇಳಿಯಲೇಬಾರದೇ? ಬೇಕಾದರೆ ಕೊಂಡು ತಿಂದು ಸುಮ್ಮನಿರಬೇಕೇ? ಕೆಲವು ದಿನ ನಾನು ಹಾಗೇ ನಿರ್ಧರಿಸಿದ್ದೆ. ಆಮೇಲೆ ಅದೂ ಸರಿಯೆನಿಸಲಿಲ್ಲ. ಕೆಸರಿಗೆ ಇಳಿಯದಿದ್ದರೆ, ಆ ಹೆಂಗಸರ ಸೊಂಟ ಯಾಕೆ ನೋಯುತ್ತದೆಂದು ನನಗೆ ತಿಳಿಯುತ್ತಿರಲಿಲ್ಲ. ಸಂತೆಯಲ್ಲಿ ರಾಶಿಯ ಬೆಲೆಗೆ ಚೌಕಾಸಿ ಮಾಡುತ್ತಲೇ ಇರುತ್ತಿದ್ದೆ. ನಾನೇ ಬೇಯಿಸಿ ಟಕಟಕ ಸದ್ದು ಕೇಳದಿದ್ದರೆ, ಅದೊಂದು ಜೀವವೆಂದು ನನ್ನ ಮನಸ್ಸಿಗೆ ಬರುತ್ತಿರಲಿಲ್ಲ. ಶಿರಸಿಯ ಕಡೆ ಹುಟ್ಟಿ ಬರುವ ಅಘನಾಶಿನಿಗೆ ಒಂದೂ ದೊಡ್ಡ ಅಣೆಕಟ್ಟಿಲ್ಲ. ತದಡಿಯಲ್ಲಿ ದೊಡ್ಡ ಉಷ್ಣವಿದ್ಯುತ್ ಸ್ಥಾವರದ ಯೋಜನೆ ಬಂದಾಗ ಜನ ಎದ್ದು ನಿಂತು ವಿರೋಧಿಸಿದರು. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರು ಪ್ರದೇಶ ರಾಮ್ಸಾರ್ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ್ದು ಸಂತೋಷ. ಆದರೆ ಒಂದು ನೀರನ್ನು ಉಳಿಸಬೇಕೆಂದು ಯಾರಿಗೆ ಅನ್ನಿಸುತ್ತದೆ? ಅದರಲ್ಲಿ ಒಮ್ಮೆಯಾದರೂ ಕಾಲಿಟ್ಟವರಿಗೇ ಹೆಚ್ಚಾಗಿ ಅನ್ನಿಸುತ್ತದೆ.

ಹೀಗಾಗಿ ನಾನೊಂದು ನಡುದಾರಿ ಹಿಡಿದೆ. ಕುಮಟೆಯಲ್ಲಿದ್ದಷ್ಟು ದಿನ ವರ್ಷಕ್ಕೊಮ್ಮೆ ಮಾತ್ರ ಅಳಿವೆಗೆ ಹೋಗುತ್ತಿದ್ದೆ. ಬಕೇಟು ಒಯ್ಯುತ್ತಿರಲಿಲ್ಲ, ಸಾರು ಮಾಡುವ ಪಾತ್ರೆಯನ್ನೇ ಒಯ್ಯುತ್ತಿದ್ದೆ. ಅದು ತುಂಬಿದರೆ ಆಟ ಮುಗಿಯಿತು. ಹೆಬ್ಬೆರಳಿಗಿಂತ ಸಣ್ಣದೆಲ್ಲ ಅಲ್ಲೇ ನೀರಿಗೆ. ಉಳಿದ ದಿನ ತಿನ್ನಬೇಕೆನಿಸಿದರೆ ಸಂತೆಯಲ್ಲಿ ಕೊಳ್ಳುವುದು, ಚೌಕಾಸಿಯಿಲ್ಲದೆ. ಇಷ್ಟರಿಂದ ದೊಡ್ಡ ಪುಣ್ಯವೇನೂ ಬಂದಿಲ್ಲವೆಂದು ಗೊತ್ತು.

ವರ್ಗವಾಗಿ ಹೊರಡುವ ಮುಂಚಿನ ಸಲ ಹೋದಾಗ ಆ ವಯಸ್ಸಾದ ಹೆಂಗಸು ಸಿಕ್ಕಿದಳು. ಮೊದಲ ವರ್ಷದ ಗುಂಡಿಯ ವಿಷಯ ಅವಳಿಗೆ ಹೇಳಬೇಕೆಂದು ಎಷ್ಟೋ ದಿನದಿಂದ ಮನಸ್ಸಿನಲ್ಲಿತ್ತು. ಅವಳ ಮರದಲ್ಲಿ ಸುರಿದು ಬರಲು ನನ್ನ ಉಡಿಯಲ್ಲಿ ಈಗ ಏನೂ ಇರಲಿಲ್ಲ; ಮಾತಾದರೂ ಇರಲಿ ಎಂದುಕೊಂಡಿದ್ದೆ. ಬಾಯಿ ಬರಲಿಲ್ಲ. ಆಕೆ ನನ್ನ ಪಾತ್ರೆಯೊಳಗೆ ಇಣುಕಿದಳು. ಈ ಸಲ ಕೈ ಹಾಕಲಿಲ್ಲ.

"ಇಷ್ಟೇ ಸಾಕಾ ಅಮ್ಮಾ?" ಎಂದಳು.

"ಸಾಕು" ಎಂದೆ.

ಸಂಜೆ ಅವ್ವನಿಗೆ ಫೋನು ಮಾಡಿ, ಇವತ್ತು ಇಂಥಷ್ಟೇ ತಂದೆನೆಂದು ಹೇಳಿದೆ. ಮೆಚ್ಚಿಕೊಂಡಾಳೆಂಬ ಆಸೆ, ಆ ಎಂಟು ವರ್ಷದ ಹುಡುಗಿಯದು. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಛಲೋ ಆತು. ಖರೆ ಅದೂ ಹಕ್ಕಲ ನೋಡವಾ" ಎಂದಳು.